ಆಪ್ತಸಮಾಲೋಚನೆ ಕಲಿಯುತ್ತಿರುವವರಿಗೆ: ಕೋರ್ಸಿನ ಕೆಲಸದ ಮೂಲಕವೇ ವೃತ್ತಿಪರ ಬೆಳವಣಿಗೆಯನ್ನು ತೋರಿಸುವುದು ಹೇಗೆ?

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮನಃಶಾಸ್ತ್ರ, ಸಮಾಜಕಾರ್ಯ ಅಥವಾ ಆಪ್ತಸಮಾಲೋಚನೆಯ ಡಿಪ್ಲೊಮಾ ಓದುತ್ತಿರುವವರು ಸೆಮಿಸ್ಟರಿನ ಕೊನೆ ಹತ್ತಿರವಾದಂತೆಲ್ಲ ಕೇಳುವ ಪ್ರಶ್ನೆ ಒಂದೇ: ರೆಕಾರ್ಡ್ ಬುಕ್ಕಿನಲ್ಲಿ ‘ವೃತ್ತಿಪರ ಬೆಳವಣಿಗೆ’ ಎಂಬ ಭಾಗಕ್ಕೆ ಏನು ಬರೆಯಬೇಕು? ಹೆಚ್ಚಿನವರು ಅಲ್ಲಿ ತಾವು ಹಾಜರಾದ ಕಾರ್ಯಾಗಾರಗಳ ಪಟ್ಟಿಯನ್ನೂ ಪ್ರಮಾಣಪತ್ರಗಳ ಜೆರಾಕ್ಸ್ ಪ್ರತಿಗಳನ್ನೂ ಲಗತ್ತಿಸಿ, ‘ಈ ಕೋರ್ಸಿನಿಂದ ನನ್ನಲ್ಲಿ ಆತ್ಮವಿಶ್ವಾಸ ಹೆಚ್ಚಿತು, ತಾಳ್ಮೆ ಬಂತು’ ಎಂಬ ಒಂದು ಪುಟ ಸೇರಿಸಿ ಮುಗಿಸುತ್ತಾರೆ. ಅದನ್ನು ಓದುವ ಪರೀಕ್ಷಕರಿಗೆ ವಿದ್ಯಾರ್ಥಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಕೋರ್ಸಿನ ಮೊದಲ ತಿಂಗಳಲ್ಲಿ ಒಬ್ಬ ವ್ಯಕ್ತಿಯ ಎದುರು ಕುಳಿತಾಗ ನೀವು ಏನು ಮಾಡುತ್ತಿದ್ದಿರಿ, ವರ್ಷ ಕಳೆದ ಮೇಲೆ ಏನು ಮಾಡುತ್ತೀರಿ, ನಡುವೆ ಯಾವ ಪಾಠ, ಯಾವ ತಪ್ಪು, ಯಾರ ಮಾತು ಆ ವ್ಯತ್ಯಾಸಕ್ಕೆ ಕಾರಣವಾಯಿತು ಎಂಬುದನ್ನು ದಿನಾಂಕ ಸಮೇತ ತೋರಿಸಿದಾಗ ಮಾತ್ರ ಬೆಳವಣಿಗೆ ಇನ್ನೊಬ್ಬರ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ನಿಮ್ಮ ಕೋರ್ಸಿನ ಕೆಲಸದಲ್ಲೇ ಇದೆ. ಅದನ್ನು ಮೊದಲ ದಿನದಿಂದ ಸರಿಯಾಗಿ ಉಳಿಸಿಕೊಳ್ಳುವ ಕ್ರಮ ಮಾತ್ರ ಗೊತ್ತಿರಬೇಕು.

ಮೊದಲು ಕೆಲವು ಪದಗಳು. ನೆರವು ಕೇಳಿ ಬಂದವರನ್ನು ಇಲ್ಲಿ ಸಮಾಲೋಚನಾರ್ಥಿ ಎನ್ನುತ್ತೇನೆ. ನಿಮ್ಮ ಪ್ರಾಯೋಗಿಕ ಕೆಲಸವನ್ನು ನೋಡಿ, ಕೇಳಿ, ತಿದ್ದುವ ಹಿರಿಯರು ಮೇಲ್ವಿಚಾರಕರು. ಕಚೇರಿಗಳಲ್ಲಿ ಈ ಪದಕ್ಕೆ ತಪಾಸಣೆಯ ಛಾಯೆ ಇದ್ದರೂ ನಮ್ಮ ವೃತ್ತಿಯಲ್ಲಿ ಮೇಲ್ವಿಚಾರಣೆ ಕಲಿಕೆಯ ಮುಖ್ಯ ಭಾಗ. ಒಂದು ಮಾತುಕತೆಯನ್ನು ಆಡಿದ ಹಾಗೆಯೇ ಬರೆದಿಟ್ಟರೆ ಅದು ಸಂಭಾಷಣಾ ದಾಖಲೆ; ಕೆಲವು ಕಾಲೇಜುಗಳಲ್ಲಿ ಇದನ್ನೇ ವರ್ಬೇಟಿಮ್ ಎಂದು ಕರೆಯುತ್ತಾರೆ.

ಬೇಕಾದ ವಸ್ತುಗಳು ಕಡಿಮೆ: ಗೆರೆ ಎಳೆದ ಎರಡು ನೋಟ್‌ಬುಕ್, ಧ್ವನಿಮುದ್ರಣ ಮಾಡಬಲ್ಲ ಮತ್ತು ಪಾಸ್‌ವರ್ಡ್ ಹಾಕಿದ ಒಂದು ಫೋನ್, ಬೀಗವಿರುವ ಒಂದು ಬೀರು ಅಥವಾ ಟ್ರಂಕು, ಸರಳ ಕನ್ನಡದಲ್ಲಿರುವ ಒಪ್ಪಿಗೆ ಪತ್ರ.

1. ಏನನ್ನು ಅಳೆಯುತ್ತೀರಿ ಎಂಬುದನ್ನು ಮೊದಲ ಎರಡು ವಾರಗಳಲ್ಲಿ ನಿಶ್ಚಯಿಸಿ

ನಿಮ್ಮ ಪಠ್ಯಕ್ರಮದ ಮೊದಲ ಪುಟಗಳಲ್ಲಿ ಕಲಿಕೆಯ ಗುರಿಗಳನ್ನು ಮುದ್ರಿಸಿರುತ್ತಾರೆ. ವಿದ್ಯಾರ್ಥಿಗಳು ಅದನ್ನು ಓದುವುದೇ ಇಲ್ಲ. ಪರೀಕ್ಷಕರು ಅಂಕ ಕೊಡುವಾಗ ಕೈಯಲ್ಲಿ ಹಿಡಿದುಕೊಳ್ಳುವುದು ಅದನ್ನೇ. ಅದರಿಂದ ನಾಲ್ಕು ಸಾಮರ್ಥ್ಯಗಳನ್ನು ಆರಿಸಿಕೊಳ್ಳಿ. ಆಲಿಸುವ ಕೌಶಲ, ಅಪಾಯದ ಸೂಚನೆಗಳನ್ನು ಗುರುತಿಸಿ ಸರಿಯಾದ ಕಡೆಗೆ ಕಳುಹಿಸುವುದು, ಗೋಪ್ಯತೆ ಮತ್ತು ನೈತಿಕತೆ, ತನ್ನ ಪೂರ್ವಗ್ರಹಗಳ ಅರಿವು, ಇವು ಸಾಮಾನ್ಯವಾಗಿ ಎಲ್ಲ ಕೋರ್ಸುಗಳಲ್ಲೂ ಇರುತ್ತವೆ. ನಾಲ್ಕಕ್ಕಿಂತ ಹೆಚ್ಚು ಬೇಡ. ಹನ್ನೆರಡು ಗುರಿಗಳನ್ನು ಪಟ್ಟಿ ಮಾಡಿದವರು ಒಂದರಲ್ಲೂ ಸಾಕ್ಷ್ಯ ಒದಗಿಸಲಾಗದೆ ಒದ್ದಾಡುತ್ತಾರೆ.

ಪ್ರತಿ ಸಾಮರ್ಥ್ಯದ ಕೆಳಗೆ ಇಂದು ನೀವು ಎಲ್ಲಿದ್ದೀರಿ ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆದು ದಿನಾಂಕ ಹಾಕಿ. ‘ಎದುರಿನವರು ಅತ್ತರೆ ನನಗೆ ಗಾಬರಿಯಾಗುತ್ತದೆ, ಕೂಡಲೇ ವಿಷಯ ಬದಲಿಸುತ್ತೇನೆ’ ಎಂಬಷ್ಟು ನೇರವಾಗಿರಲಿ.

2. ಮೊದಲ ಅಭ್ಯಾಸವನ್ನು ಧ್ವನಿಮುದ್ರಿಸಿಕೊಳ್ಳಿ, ಮತ್ತು ಅದನ್ನು ತಿದ್ದಬೇಡಿ

ಈ ಹಂತವನ್ನು ಬಿಟ್ಟವರಿಗೆ ವರ್ಷದ ಕೊನೆಯಲ್ಲಿ ಹೋಲಿಸಲು ಏನೂ ಇರುವುದಿಲ್ಲ. ಆದ್ದರಿಂದ ಮೊದಲ ತಿಂಗಳಲ್ಲೇ ಸಹಪಾಠಿಯೊಬ್ಬರ ಜೊತೆ ಹದಿನೈದರಿಂದ ಇಪ್ಪತ್ತು ನಿಮಿಷಗಳ ರೋಲ್ ಪ್ಲೇ ಮಾಡಿ, ಅಂದರೆ ಅವರು ಸಮಾಲೋಚನಾರ್ಥಿಯ ಪಾತ್ರ ವಹಿಸಲಿ, ಮತ್ತು ಅವರ ಒಪ್ಪಿಗೆ ಪಡೆದು ಅದನ್ನು ಮುದ್ರಿಸಿಕೊಳ್ಳಿ. ಕೇಳಿಸಿಕೊಂಡಾಗ ಮುಜುಗರವಾಗುತ್ತದೆ. ಆಗ ಅಳಿಸಿ ಮತ್ತೊಮ್ಮೆ ಮಾಡುವ ಆಸೆ ಬರುತ್ತದೆ. ದಯವಿಟ್ಟು ಅದಕ್ಕೆ ಮಣಿಯಬೇಡಿ.

ಮುದ್ರಿಕೆಯನ್ನು ನಾಲ್ಕು ಕಾಲಂಗಳಲ್ಲಿ ಬರೆದಿಳಿಸಿ: ಅವರು ಹೇಳಿದ್ದು, ನಾನು ಹೇಳಿದ್ದು, ಆಗ ನನ್ನೊಳಗೆ ಆದದ್ದು, ಈಗ ಹೇಳುವುದಾದರೆ ಹೇಗೆ ಹೇಳುತ್ತೇನೆ. ನಾಲ್ಕನೆಯ ಕಾಲಂ ಅನ್ನು ಸದ್ಯಕ್ಕೆ ಖಾಲಿ ಬಿಡಿ. ಒಂದು ಉದಾಹರಣೆ ನೋಡೋಣ. ಸಹಪಾಠಿಯು ಸಕಲೇಶಪುರದ ಕಡೆಯ ಕಾಫಿ ತೋಟದ ಲೈನ್ ಮನೆಯಲ್ಲಿರುವ ಹೆಂಗಸಿನ ಪಾತ್ರ ವಹಿಸಿದ್ದಾರೆ ಎಂದಿಟ್ಟುಕೊಳ್ಳಿ.

“ರಾತ್ರಿ ನಿದ್ದೆನೇ ಬರಲ್ಲ ಅಕ್ಕ. ಎದೆ ಮೇಲೆ ಕಲ್ಲು ಇಟ್ಟಂಗೆ ಆಗುತ್ತೆ.”

“ಅಯ್ಯೋ, ಅಷ್ಟಕ್ಕೆಲ್ಲ ಯೋಚ್ನೆ ಮಾಡ್ಬೇಡಿ. ಎಲ್ಲಾ ಸರಿ ಹೋಗುತ್ತೆ. ಮನೆಯವ್ರು ಕುಡೀತಾರಾ?”

ಪ್ರೀತಿಯಿಂದಲೇ ಆಡಿದ ಈ ಒಂದು ಉತ್ತರದಲ್ಲಿ ಮೂರು ತಪ್ಪುಗಳಿವೆ. ‘ಅಷ್ಟಕ್ಕೆಲ್ಲ’ ಎಂದು ಆಕೆಯ ಸಂಕಟವನ್ನು ಕುಗ್ಗಿಸಲಾಗಿದೆ. ‘ಸರಿ ಹೋಗುತ್ತೆ’ ಎಂದು ಯಾವ ಆಧಾರವೂ ಇಲ್ಲದ ಭರವಸೆ ಕೊಡಲಾಗಿದೆ. ತೋಟದ ಕೆಲಸದವರ ಮನೆ ಎಂದ ಕೂಡಲೇ ಗಂಡ ಕುಡಿಯುತ್ತಾನೆ ಎಂಬ ಊಹೆಯೊಂದು ಪ್ರಶ್ನೆಯ ರೂಪದಲ್ಲಿ ಹೊರಬಂದಿದೆ. ಕೆಲವು ತಿಂಗಳ ನಂತರ ಅದೇ ಮಾತಿಗೆ ಅದೇ ವಿದ್ಯಾರ್ಥಿನಿ ಹೀಗೆ ಹೇಳಬಹುದು:

“ಎದೆ ಮೇಲೆ ಕಲ್ಲು ಇಟ್ಟಂಗೆ ಅಂದ್ರಿ. ಹಂಗೆ ಆದಾಗ ಮನಸ್ಸಿಗೆ ಏನೇನು ಬರುತ್ತೆ, ಸ್ವಲ್ಪ ಹೇಳ್ತೀರಾ?”

ಇಲ್ಲಿ ಆಕೆಯ ಪದವನ್ನೇ ಆಕೆಗೆ ಮರಳಿಸಲಾಗಿದೆ, ಮತ್ತು ಹೌದು-ಇಲ್ಲ ಎಂದು ಮುಗಿಸಲಾಗದ ಪ್ರಶ್ನೆ ಕೇಳಲಾಗಿದೆ. ಈ ಎರಡು ಉತ್ತರಗಳನ್ನು ಅವುಗಳ ದಿನಾಂಕಗಳೊಂದಿಗೆ ಅಕ್ಕಪಕ್ಕದಲ್ಲಿಟ್ಟರೆ ಪರೀಕ್ಷಕರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹೋಲಿಕೆಯನ್ನು ಇನ್ನೂ ಗಟ್ಟಿ ಮಾಡಲು ಎಣಿಸಿ. ಸಂಭಾಷಣಾ ದಾಖಲೆಯಲ್ಲಿ ತೆರೆದ ಪ್ರಶ್ನೆಗಳೆಷ್ಟು, ಹೌದು-ಇಲ್ಲ ಪ್ರಶ್ನೆಗಳೆಷ್ಟು, ಪ್ರತಿಫಲನಗಳೆಷ್ಟು, ಉಪದೇಶಗಳೆಷ್ಟು ಎಂದು ಅಂಚಿನಲ್ಲಿ ಗುರುತು ಹಾಕುತ್ತ ಹೋಗಿ. ಎದುರಿನವರ ಮಾತಿನ ಅರ್ಥವನ್ನೋ ಭಾವವನ್ನೋ ನಮ್ಮ ಮಾತಿನಲ್ಲಿ ಅವರಿಗೇ ಹೇಳಿ ತೋರಿಸುವುದನ್ನು ಪ್ರತಿಫಲನ ಎನ್ನುತ್ತಾರೆ. ಬದಲಾಗುವ ಇಚ್ಛೆಯನ್ನು ಎದುರಿನವರ ಬಾಯಿಂದಲೇ ಹೊರಡಿಸುವ ಪ್ರೇರಣಾತ್ಮಕ ಸಂದರ್ಶನವೆಂಬ ಪದ್ಧತಿಯಲ್ಲಿ ತರಬೇತಿಯನ್ನು ಅಳೆಯುವಾಗ ಒಂದು ಪ್ರಶ್ನೆಗೆ ಒಂದು ಪ್ರತಿಫಲನವಿದ್ದರೆ ಸಾಧಾರಣವೆಂದೂ ಎರಡಿದ್ದರೆ ಒಳ್ಳೆಯದೆಂದೂ ಎಣಿಸುವ ವಾಡಿಕೆ ಇದೆ. ಮೊದಲ ಮುದ್ರಿಕೆಯಲ್ಲಿ ಹದಿನೆಂಟು ಪ್ರಶ್ನೆ, ಎರಡು ಪ್ರತಿಫಲನ ಇದ್ದುದು ಮೂರನೆಯ ಮುದ್ರಿಕೆಯ ಹೊತ್ತಿಗೆ ಒಂಬತ್ತಕ್ಕೆ ಎಂಟು ಆಗಿದ್ದರೆ ಅದು ಯಾವ ಪ್ರಮಾಣಪತ್ರಕ್ಕಿಂತಲೂ ಸ್ಪಷ್ಟವಾದ ಸಾಕ್ಷ್ಯ. ಒಟ್ಟು ಮೂರು ಮುದ್ರಿಕೆಗಳು ಸಾಕು: ಆರಂಭದಲ್ಲೊಂದು, ನಡುವೆ ಒಂದು, ಕೊನೆಗೊಂದು.

ಎಚ್ಚರಿಕೆ: ಬರೆದಿಳಿಸುವಾಗ ಆಡುಮಾತನ್ನು ಗ್ರಂಥಭಾಷೆಗೆ ತಿರುಗಿಸಬೇಡಿ. ‘ಎದೆ ಮೇಲೆ ಕಲ್ಲು’, ‘ತಲೆ ಧಿಮ್ಮಂತದೆ’, ‘ಜೀವ ಕಳವಳ’ ಎಂಬ ಮಾತುಗಳನ್ನು ‘ಆತಂಕದ ಲಕ್ಷಣಗಳಿವೆ’ ಎಂದು ಬರೆದ ಕ್ಷಣಕ್ಕೆ ಆ ವ್ಯಕ್ತಿ ಕಾಗದದಿಂದ ಮರೆಯಾಗುತ್ತಾರೆ, ಜೊತೆಗೆ ನೀವು ಆಲಿಸಿದ್ದಿರಿ ಎಂಬುದಕ್ಕೆ ಇದ್ದ ಆಧಾರವೂ ಹೋಗುತ್ತದೆ.

3. ಆತ್ಮಾವಲೋಕನದ ದಿನಚರಿಯನ್ನು ವಾರಕ್ಕೊಮ್ಮೆ ಬರೆಯಿರಿ

ಒಂದು ನೋಟ್‌ಬುಕ್ ಇದಕ್ಕೆ ಮೀಸಲು. ಬರೆಯುವ ಕ್ರಮಕ್ಕೆ ಗ್ರಹಾಂ ಗಿಬ್ಸ್ 1988ರಲ್ಲಿ ಸೂಚಿಸಿದ ಆರು ಮೆಟ್ಟಿಲುಗಳು ಇಂದಿಗೂ ಉಪಯುಕ್ತ: ಏನಾಯಿತು, ಆಗ ಏನನ್ನಿಸಿತು, ಅದರಲ್ಲಿ ಯಾವುದು ಸರಿ ಯಾವುದು ತಪ್ಪು, ಏಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದಿನ ಬಾರಿ ಏನು ಮಾಡುತ್ತೇನೆ. ವಿದ್ಯಾರ್ಥಿಗಳು ಮೊದಲ ಎರಡರಲ್ಲೇ ಪುಟ ತುಂಬಿಸಿ ನಿಲ್ಲುತ್ತಾರೆ. ಅಂಕ ಇರುವುದು ಕೊನೆಯ ಮೂರರಲ್ಲಿ.

‘ಇಂದಿನ ಅಭ್ಯಾಸ ಚೆನ್ನಾಗಿ ನಡೆಯಿತು, ತುಂಬಾ ಕಲಿತೆ’ ಎಂಬ ನಮೂದು ಯಾವ ಪ್ರಯೋಜನಕ್ಕೂ ಬಾರದು. ಅದೇ ದಿನದ ಬಗ್ಗೆ, ‘ಅವರು ಸೊಸೆಯನ್ನು ದೂರುತ್ತಿದ್ದಾಗ ನನಗೆ ನನ್ನ ಅಜ್ಜಿ ನೆನಪಾದರು; ನಾನು ಸೊಸೆಯ ಪರ ವಹಿಸಿ ಮಾತಾಡಿದೆ; ಅವರು ಮೌನವಾದರು. ಮುಂದಿನ ಬಾರಿ ಹಾಗನ್ನಿಸಿದಾಗ ಎರಡು ಉಸಿರು ಸುಮ್ಮನಿದ್ದು ನಂತರ ಮಾತಾಡುತ್ತೇನೆ’ ಎಂದು ಬರೆದಿದ್ದರೆ, ಮುಂದಿನ ತಿಂಗಳ ನಮೂದಿನಲ್ಲಿ ಅದನ್ನು ಮಾಡಿದಿರೋ ಇಲ್ಲವೋ ಎಂದು ಪರಿಶೀಲಿಸಲು ಸಾಧ್ಯವಾಗುತ್ತದೆ. ಹಿಂದಿನ ನಮೂದನ್ನು ಓದದೆ ಹೊಸ ನಮೂದು ಬರೆಯಬಾರದೆಂಬ ನಿಯಮ ಹಾಕಿಕೊಳ್ಳಿ.

ದಿನಚರಿಯ ಎಲ್ಲ ಪುಟಗಳನ್ನೂ ಕಾಲೇಜಿಗೆ ಒಪ್ಪಿಸಬೇಕಾಗಿಲ್ಲ. ನಿಮ್ಮ ಮನೆಯ ಸಂಕಟ, ನಿಮ್ಮದೇ ಹಳೆಯ ನೋವು ಅದರಲ್ಲಿ ಬರುತ್ತದೆ, ಬರಲೇಬೇಕು. ಆದರೆ ಅದು ಅಂಕಕ್ಕಾಗಿ ಇರುವ ವಸ್ತುವಲ್ಲ. ಆಯ್ದ ಐದಾರು ನಮೂದುಗಳನ್ನಷ್ಟೇ ಕಡತಕ್ಕೆ ಸೇರಿಸಿ. ಬರೆಯುತ್ತ ಹೋದಂತೆ ಆ ನೋವು ಮತ್ತೆ ಮತ್ತೆ ತಲೆ ಎತ್ತುತ್ತಿದ್ದರೆ ನೀವೇ ಒಬ್ಬ ಆಪ್ತಸಮಾಲೋಚಕರ ಬಳಿ ಹೋಗಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

4. ಸಿದ್ಧಾಂತದ ಪ್ರಬಂಧಗಳನ್ನು ಬಿಸಾಡಬೇಡಿ

ಅಸೈನ್‌ಮೆಂಟ್‌ಗಳು ಅಂಕ ಬಂದ ಮೇಲೆ ರದ್ದಿಗೆ ಹೋಗುತ್ತವೆ. ಅಧ್ಯಾಪಕರ ಕೆಂಪು ಶಾಯಿಯ ಟಿಪ್ಪಣಿ ಇರುವ ಮೊದಲ ಪ್ರತಿಯನ್ನೂ ತಿದ್ದಿದ ಪ್ರತಿಯನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಬಳಿಕ ಪ್ರಬಂಧದ ಕೊನೆಯಲ್ಲಿ ಅರ್ಧ ಪುಟ ಸೇರಿಸಿ, ಓದಿದ್ದು ಯಾವ ಅಭ್ಯಾಸದಲ್ಲಿ ಕೈಗೆ ಬಂತು ಎಂಬುದನ್ನು ಬರೆಯಿರಿ. ಕಾರ್ಲ್ ರೋಜರ್ಸ್ 1957ರಲ್ಲಿ ಬದಲಾವಣೆಗೆ ಬೇಕಾದ ಷರತ್ತುಗಳನ್ನು ವಿವರಿಸುವಾಗ ಸಮಾಲೋಚಕರಲ್ಲಿ ಇರಬೇಕಾದ ಮೂರು ಗುಣಗಳನ್ನು ಹೇಳಿದರು: ಎದುರಿನವರ ಒಳಗನ್ನು ಅವರ ಕಣ್ಣಿನಿಂದ ಕಾಣುವ ಸಹಾನುಭೂತಿ, ಷರತ್ತಿಲ್ಲದ ಗೌರವ, ಒಳಗೂ ಹೊರಗೂ ಒಂದೇ ಆಗಿರುವ ಪ್ರಾಮಾಣಿಕತೆ. ಇದನ್ನು ಎಲ್ಲರೂ ಉರು ಹೊಡೆದು ಬರೆಯುತ್ತಾರೆ. ಎರಡನೆಯ ಹಂತದಲ್ಲಿ ನೋಡಿದ ‘ಮನೆಯವ್ರು ಕುಡೀತಾರಾ’ ಎಂಬ ಪ್ರಶ್ನೆಯಲ್ಲಿ ಷರತ್ತಿಲ್ಲದ ಗೌರವ ಎಲ್ಲಿ ತಪ್ಪಿತು ಎಂದು ತನ್ನ ದಾಖಲೆಯನ್ನೇ ಎದುರಿಗಿಟ್ಟುಕೊಂಡು ಬರೆಯುವ ವಿದ್ಯಾರ್ಥಿ ಅಪರೂಪ.

5. ಮೇಲ್ವಿಚಾರಣೆಗೆ ಪ್ರಶ್ನೆ ಹೊತ್ತು ಹೋಗಿ

ಸಹಿ ಹಾಕಿಸಿಕೊಳ್ಳಲು ಮಾತ್ರ ಹೋದರೆ ಸಹಿ ಮಾತ್ರ ಸಿಗುತ್ತದೆ. ಪ್ರತಿ ಭೇಟಿಗೆ ಮುನ್ನ ಒಂದು ಪ್ರಶ್ನೆ ಬರೆದುಕೊಂಡು ಹೋಗಿ, ಬಂದ ಉತ್ತರವನ್ನು ಅಂದೇ ಎರಡನೆಯ ನೋಟ್‌ಬುಕ್ಕಿನಲ್ಲಿ ಬರೆದು, ಮುಂದಿನ ಭೇಟಿಯ ಮೊದಲ ಸಾಲಿನಲ್ಲಿ ಅದನ್ನು ಹೇಗೆ ಬಳಸಿದಿರಿ ಎಂದು ದಾಖಲಿಸಿ. ಬೈಸಿಕೊಂಡದ್ದನ್ನೂ ಬರೆಯಿರಿ. ಮೇಲ್ವಿಚಾರಕರು ತಿದ್ದಿದ ವಿಷಯ ಕಡತದಲ್ಲಿ ಕಂಡರೆ ಅಂಕ ಕಡಿಮೆಯಾಗುತ್ತದೆ ಎಂಬ ಭಯ ಬಹಳ ಮಂದಿಗಿದೆ. ತಿದ್ದಿಸಿಕೊಂಡ ಗುರುತೇ ಇಲ್ಲದ ಕಡತವನ್ನು ಕಂಡರೆ ಪರೀಕ್ಷಕರಿಗೆ ಅನುಮಾನ ಬರುತ್ತದೆ ಎಂಬುದು ನನ್ನ ಅನುಭವ.

ನಮ್ಮಂಥ ಊರುಗಳಲ್ಲಿ ಮೇಲ್ವಿಚಾರಣೆಗೆ ತರಲೇಬೇಕಾದ ಒಂದು ವಿಷಯ ಸಂಬಂಧದ ಗಡಿ. ಸಮಾಲೋಚನಾರ್ಥಿ ನಿಮ್ಮ ತಾಯಿಯ ಸ್ವಸಹಾಯ ಸಂಘದ ಸದಸ್ಯೆಯಾಗಿರಬಹುದು, ಭಾನುವಾರ ಮದುವೆ ಮನೆಯ ಪಂಕ್ತಿಯಲ್ಲಿ ನಿಮ್ಮ ಪಕ್ಕದಲ್ಲೇ ಕೂರಬಹುದು. ಎರಡನೆಯ ಭೇಟಿಗೇ ‘ನೀನು ನನ್ನ ಮಗಳಿದ್ದಂಗೆ ಕಣಮ್ಮ’ ಎನ್ನುತ್ತಾರೆ, ತೋಟದ ಬಾಳೆಗೊನೆ ತಂದು ಕೊಡುತ್ತಾರೆ. ಒರಟಾಗಿ ನಿರಾಕರಿಸಿದರೆ ನಂಬಿಕೆ ಮುರಿಯುತ್ತದೆ, ಎಲ್ಲವನ್ನೂ ಒಪ್ಪಿದರೆ ಮಗಳಾದವಳು ಕೇಳಬಾರದ ಪ್ರಶ್ನೆಗಳನ್ನು ಸಮಾಲೋಚಕಿಯಾಗಿ ಕೇಳಲಾಗದು. ಇಂಥ ಸಂದರ್ಭವನ್ನು ಮೊದಲೇ ಮಾತಾಡಿಕೊಳ್ಳುವುದನ್ನು ಕಲಿಯಿರಿ: “ಹೊರಗೆ ಎಲ್ಲಾದ್ರೂ ಸಿಕ್ಕಿದ್ರೆ ನಾನಾಗಿ ಮಾತಾಡಿಸಲ್ಲ ಅಮ್ಮ, ನಿಮ್ಮ ವಿಷಯ ಯಾರಿಗೂ ಗೊತ್ತಾಗಬಾರದು ಅಂತ ಹಂಗೆ ಮಾಡೋದು, ಬೇಜಾರು ಮಾಡ್ಕೋಬೇಡಿ.” ಇದನ್ನು ಯಾವಾಗ, ಹೇಗೆ ಹೇಳಿದಿರಿ, ಅವರು ಹೇಗೆ ತೆಗೆದುಕೊಂಡರು ಎಂಬ ಒಂದು ನಮೂದು ನೈತಿಕತೆಯ ಪತ್ರಿಕೆಯಲ್ಲಿ ಬರೆದ ಹತ್ತು ಪುಟಗಳಷ್ಟು ತೂಗುತ್ತದೆ.

6. ಪ್ರಕರಣ ವರದಿ: ಹೆಸರು ಬದಲಿಸಿದರೆ ಸಾಲದು

ಪ್ರಾಕ್ಟಿಕಮ್, ಅಂದರೆ ಆಸ್ಪತ್ರೆ, ಶಾಲೆ ಅಥವಾ ಸಂಸ್ಥೆಯಲ್ಲಿ ನಡೆಯುವ ಕ್ಷೇತ್ರ ತರಬೇತಿಯಲ್ಲಿ ನಿಜವಾದ ವ್ಯಕ್ತಿಗಳ ಬಗ್ಗೆ ಬರೆಯಬೇಕಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಸೆಕ್ಷನ್ ಮಾನಸಿಕ ಅಸ್ವಸ್ಥತೆ ಇರುವವರಿಗೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಕಾನೂನಿನ ಮಾತು ಹಾಗಿರಲಿ. ನಮ್ಮ ಜಿಲ್ಲೆಗಳಲ್ಲಿ ಗೋಪ್ಯತೆಯ ಕಷ್ಟ ಬೇರೆಯೇ ಇದೆ. ಬೆಂಗಳೂರಿನಲ್ಲಿ ‘42 ವರ್ಷದ ವ್ಯಾಪಾರಿ’ ಎಂದರೆ ಯಾರೆಂದು ತಿಳಿಯದು. ‘ಆಲೂರು ತಾಲ್ಲೂಕಿನ 42 ವರ್ಷದ ಕಾಫಿ ಬೆಳೆಗಾರ, ಕಳೆದ ವರ್ಷ ಆನೆ ದಾಳಿಯಲ್ಲಿ ತಮ್ಮನನ್ನು ಕಳೆದುಕೊಂಡವರು’ ಎಂದು ಬರೆದರೆ ಹೆಸರಿಲ್ಲದೆಯೂ ಇಡೀ ಹೋಬಳಿಗೆ ಅವರ ಮನೆ ಗೊತ್ತಾಗುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ವಿದ್ಯಾರ್ಥಿಯಾಗಿದ್ದಾಗ ಬರೆದ ವರದಿಯೊಂದನ್ನು ಬೈಂಡಿಂಗ್‌ಗೆ ಕೊಟ್ಟಾಗ ಅಂಗಡಿಯವರು ಪುಟ ತಿರುವಿ ನೋಡಿ, “ಇದು ನಮ್ಮ ಬೀದಿ ಮನೆಯವ್ರ ಕಥೆ ಅಲ್ವಾ?” ಎಂದು ಕೇಳಿದರು. ಹೆಸರು ಬದಲಿಸಿದ್ದೆ, ಉಳಿದದ್ದೆಲ್ಲ ಇದ್ದ ಹಾಗೇ ಇತ್ತು. ಆ ಪ್ರತಿಯನ್ನು ವಾಪಸ್ ತಂದು ಮೇಲ್ವಿಚಾರಕರ ಮುಂದಿಟ್ಟು, ಪೂರ್ತಿ ಹೊಸದಾಗಿ ಬರೆದೆ.

ಹಾಗಾಗಿ ಊರು, ತಾಲ್ಲೂಕು, ಜಾತಿ, ನಿಖರ ವಯಸ್ಸು, ಉದ್ಯೋಗ, ಊರೆಲ್ಲ ಮಾತಾಡಿಕೊಂಡ ಘಟನೆ, ಇವುಗಳಲ್ಲಿ ಪ್ರಕರಣವನ್ನು ಅರ್ಥಮಾಡಿಕೊಳ್ಳಲು ಯಾವುದು ಬೇಕೇ ಬೇಕೋ ಅದನ್ನು ಮಾತ್ರ, ಅದೂ ಮಸುಕಾಗಿ ಇಡಿ. ಮೇಲಿನ ಉದಾಹರಣೆ ‘ಮಲೆನಾಡಿನ ಕೃಷಿಕರು, ನಲವತ್ತರ ಆಸುಪಾಸು, ಹತ್ತಿರದ ಬಂಧುವಿನ ಹಠಾತ್ ಸಾವನ್ನು ಕಂಡವರು’ ಎಂದಾದರೆ ಕಲಿಕೆಗೆ ಏನೂ ಕೊರತೆಯಾಗುವುದಿಲ್ಲ. ಬರೆದ ಮೇಲೆ ಅದೇ ಊರಿನವರೊಬ್ಬರು ಇದನ್ನು ಓದಿದರೆ ಗುರುತು ಹಿಡಿಯಬಲ್ಲರೇ ಎಂದು ಕೇಳಿಕೊಳ್ಳಿ. ಉತ್ತರ ಹೌದೆಂದಾದರೆ ಮತ್ತೆ ತಿದ್ದಿ. ಪ್ರಕರಣವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಸಹಪಾಠಿಗಳ ಸಲಹೆ ಕೇಳುವುದಂತೂ ಕೂಡದು.

ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಅರ್ಥವಾಯಿತೇ ಎಂದು ಅವರ ಮಾತಿನಲ್ಲೇ ಹೇಳಿಸಿ, ಬಳಿಕ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಗೋಪ್ಯತೆಗೆ ಮಿತಿಗಳಿವೆ ಎಂಬುದನ್ನೂ ಆಗಲೇ ಹೇಳಬೇಕು: ಪ್ರಾಣಾಪಾಯವಿದ್ದರೆ, ಅಥವಾ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ ಸುಮ್ಮನಿರಲಾಗದು. 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಅಂಥ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ವಿದ್ಯಾರ್ಥಿ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಆ ದಿನವೇ ಮೇಲ್ವಿಚಾರಕರನ್ನು ಕರೆದು ಜೊತೆಗೂಡಿ ಮುಂದುವರಿಯಿರಿ.

7. ನಿಮ್ಮ ಮಿತಿ ಗೊತ್ತಿದೆ ಎಂಬುದನ್ನೂ ತೋರಿಸಿ

ಕಲಿಯುವವರು ಮರೆಯುವ ಸಾಕ್ಷ್ಯ ಇದು. ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿಯನ್ನು ನೀವು ಬಳಸುತ್ತೀರಿ: ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕು ಎಂದಷ್ಟೇ ಅದರ ಅರ್ಥ. ‘ಖಿನ್ನತೆ ಇದೆ’ ಎಂದು ವರದಿಯಲ್ಲಿ ತೀರ್ಪು ಬರೆಯುವುದು ನಿಮ್ಮ ಕೆಲಸವಲ್ಲ. ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಒಂಬತ್ತನೆಯ ಪ್ರಶ್ನೆಗೆ, ಅಂದರೆ ಸಾಯಬೇಕು ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎಂಬ ಯೋಚನೆಯ ಪ್ರಶ್ನೆಗೆ, ಸೊನ್ನೆಯಲ್ಲದ ಉತ್ತರ ಬಂದರೆ ಅಲ್ಲೇ ನಿಲ್ಲಿ. ನೇರವಾಗಿ, ಸಮಾಧಾನದಿಂದ ಕೇಳಿ. ಅವರನ್ನು ಒಂಟಿಯಾಗಿ ಕಳುಹಿಸಬೇಡಿ. ಕೂಡಲೇ ಮೇಲ್ವಿಚಾರಕರಿಗೆ ತಿಳಿಸಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಬೇಡ. ಕೇಳಿದ್ದರಿಂದ ಅವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಕಳುಹಿಸುವ ಜಾಗಗಳ ಪಟ್ಟಿಯನ್ನು ಮೊದಲ ತಿಂಗಳಲ್ಲೇ ಕೈಯಾರೆ ಸಿದ್ಧಪಡಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಖುದ್ದಾಗಿ ಭೇಟಿ ಮಾಡಿ. ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ದೇಶಕ್ಕೆ ಬಂದ ಕಾರ್ಯಕ್ರಮ ಅದು. ಮನೋವೈದ್ಯರು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಯಾವ ವಾರ ಬರುತ್ತಾರೆ, ಚೀಟಿ ಎಷ್ಟು ಗಂಟೆಗೆ ಕೊಡುತ್ತಾರೆ, ಮೂಡಿಗೆರೆಯ ಒಳ ಹಳ್ಳಿಯಿಂದ ಬರುವವರಿಗೆ ಬೆಳಗಿನ ಬಸ್ಸು ಯಾವುದು ಎಂಬುದೂ ಆ ಪಟ್ಟಿಯಲ್ಲಿರಲಿ. ‘ವೈದ್ಯರನ್ನು ನೋಡಿ’ ಎಂದು ಹೇಳಿ ಕಳುಹಿಸಿದ ಮೊದಲ ಸೆಮಿಸ್ಟರಿನ ನಮೂದಿನ ಪಕ್ಕದಲ್ಲಿ, ದಿನ, ಹೊತ್ತು, ಜೊತೆಗೆ ಹೋಗುವವರು ಯಾರು ಎಂಬುದನ್ನೆಲ್ಲ ಕೂತು ಮಾತಾಡಿ ನಿಶ್ಚಯಿಸಿ, ಒಂದು ವಾರದ ಬಳಿಕ ವಿಚಾರಿಸಿದ ನಾಲ್ಕನೆಯ ಸೆಮಿಸ್ಟರಿನ ನಮೂದನ್ನು ಇಡಿ.

8. ಬೆಳವಣಿಗೆಯ ಹೇಳಿಕೆ ಬರೆಯುವುದು

ಇಷ್ಟು ಕೂಡಿಟ್ಟಿದ್ದರೆ ರೆಕಾರ್ಡ್ ಬುಕ್ಕಿನ ‘ವೃತ್ತಿಪರ ಬೆಳವಣಿಗೆ’ ಭಾಗವನ್ನು ಬರೆಯುವುದು ಒಂದು ಸಂಜೆಯ ಕೆಲಸ. ಎರಡರಿಂದ ಮೂರು ಪುಟ ಸಾಕು. ಮೊದಲ ಹಂತದಲ್ಲಿ ಆರಿಸಿಕೊಂಡ ನಾಲ್ಕು ಸಾಮರ್ಥ್ಯಗಳಿಗೆ ಒಂದೊಂದು ಪ್ಯಾರಾ ಇರಲಿ, ಪ್ರತಿ ಪ್ಯಾರಾದಲ್ಲಿ ಆಗ ಹೇಗಿತ್ತು, ನಡುವೆ ಏನಾಯಿತು, ಈಗ ಹೇಗಿದೆ, ಇನ್ನೂ ಏನು ಬಾಕಿ ಇದೆ ಎಂಬುದು ಬರಲಿ, ಪ್ರತಿ ಹೇಳಿಕೆಯ ಮುಂದೆ ಕಡತದ ಪುಟಸಂಖ್ಯೆ ಇರಲಿ. ಪುಟಸಂಖ್ಯೆ ತೋರಿಸಲಾಗದ ವಾಕ್ಯವನ್ನು ಹೊಡೆದುಹಾಕಿ. ‘ಬಾಕಿ’ಯ ಭಾಗವನ್ನು ಬಿಡಬೇಡಿ: ಮದ್ಯವ್ಯಸನದ ಬಗ್ಗೆ ಮಾತಾಡುವಾಗ ಇನ್ನೂ ಉಪದೇಶಕ್ಕೆ ಇಳಿಯುತ್ತೇನೆ ಎಂದೋ, ತೋಟಗಳಿಗೆ ಹೊರರಾಜ್ಯದಿಂದ ಬಂದ ಕಾರ್ಮಿಕರ ಭಾಷೆ ಬಾರದೆ ಅವರೊಂದಿಗೆ ಕೆಲಸ ಮಾಡಲಾಗುತ್ತಿಲ್ಲ ಎಂದೋ ನಿಜವಾಗಿ ಇರುವುದನ್ನು ಬರೆಯಿರಿ.

ಮೌಖಿಕ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆ ‘ನಿಮ್ಮ ಒಂದು ತಪ್ಪನ್ನು ಹೇಳಿ’. ಮೊದಲ ಮುದ್ರಿಕೆಯ ಪುಟ ತೆರೆದು ಓದಿ ತೋರಿಸಿ, ನಂತರ ಕೊನೆಯದನ್ನು ತೋರಿಸಿ.

9. ಫಲಿತಾಂಶ ಬಂದ ಮೇಲೆ

ಒಪ್ಪಿಗೆ ಪತ್ರದಲ್ಲಿ ಎಷ್ಟು ದಿನ ಇಟ್ಟುಕೊಳ್ಳುತ್ತೇವೆಂದು ಹೇಳಿದ್ದಿರೋ ಆ ಅವಧಿ ಮುಗಿದ ದಿನ ಧ್ವನಿಮುದ್ರಿಕೆಗಳನ್ನು ಫೋನಿನಿಂದಲೂ ಅದರ ಬ್ಯಾಕಪ್‌ನಿಂದಲೂ ಅಳಿಸಿ. ಸಂಭಾಷಣಾ ದಾಖಲೆಗಳ ಕರಡು ಹಾಳೆಗಳನ್ನು ರದ್ದಿಗೆ ಹಾಕದೆ ಹರಿದು ಸುಟ್ಟುಬಿಡಿ, ಅಳಿಸಿದ ದಿನಾಂಕವನ್ನು ಬರೆದು ಮೇಲ್ವಿಚಾರಕರ ಸಹಿ ಪಡೆದುಕೊಳ್ಳಿ. ನಿಮ್ಮ ದಿನಚರಿ ಮಾತ್ರ ನಿಮ್ಮದು. ಕೆಲಸಕ್ಕೆ ಸೇರಿದ ಮೇಲೂ ಅದನ್ನು ವಾರಕ್ಕೊಮ್ಮೆ ಬರೆಯುತ್ತಿರಿ.